ಗ್ಲೆನಿಸ್ ಥ್ವೇಟ್ ಹೇಳಬೇಕಾದ ಎರಡು ಸಾಲು

1.
ಈ ಕಥೆಯನ್ನು ಚಹಾದ ಟ್ರೇಯಿಂದ ಶುರುಮಾಡಲೋ, ಗ್ಲೆನಿಸ್ ಹುಟ್ಟಿದ ಮನೆಯಿಂದಲೋ? ಹುಟ್ಟಿದ ಮನೆ ಎಂದು ಒಂದೂವರೆ ಪುಟ ಬರೆದೆ: ಕಲ್ಲಿದ್ದಲ ಗಣಿ, ಕೆಮ್ಮುವ ಅಪ್ಪ, ಹಸಿವಿನಲ್ಲೂ ನಗಿಸುವ ಹುಡುಗಿ. ಹರಿದು ಹಾಕಿದೆ. (ಅವಳಪ್ಪ ಹ್ಯಾಲಿಫ್ಯಾಕ್ಸಿನಲ್ಲಿ ಹಲ್ಲಿನ ಡಾಕ್ಟರು. ಬಡತನ ನಾನು ಕೊಟ್ಟದ್ದು, ಓದುವವರಿಗೆ ಹಿತವಾಗಿರಲಿ ಎಂದು.)

ಸರಿ, ಟ್ರೇ. ನಲವತ್ತು ವರ್ಷದ ಹಿಂದೆ ಟಿವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ಬಾಡಿಗೆಮನೆಯ ಒಡತಿಯಾಗಿ ಗ್ಲೆನಿಸ್ ಥ್ವೇಟ್ ವಾರಕ್ಕೊಮ್ಮೆ ಟ್ರೇ ಕೈಬಿಟ್ಟಳು. ಇಡೀ ಇಂಗ್ಲೆಂಡು ನಕ್ಕಿತು. ಆಮೇಲೆ ಅವಳು ರಾಣಿಯಾದಳು, ಕೊಲೆಗಾತಿಯಾದಳು, ಒಂದು ಗಂಭೀರ ನಾಟಕದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೂ ಆದಳು. ಹೆಣದ ಪಕ್ಕ ನೀರಿನ ಲೋಟ ಎತ್ತಿಕೊಂಡದ್ದೇ ತಡ, ಇದನ್ನೂ ಬೀಳಿಸುತ್ತಾಳೆಂದು ಹಿಂದಿನ ಸಾಲಿನವರು ಕಿಸಕ್ಕೆಂದರು. ಅವತ್ತೇ ಶಪಥ ಮಾಡಿದಳು, ಇನ್ನು ಟ್ರೇ ಮುಟ್ಟುವುದಿಲ್ಲ.

2.
ಈಗ ಅವಳಿಗೆ ಎಪ್ಪತ್ತಾರು. ಸ್ಕಾರ್ಬರೋದ ಕಡಲ ದಂಡೆಯ ಥಿಯೇಟರಿನಲ್ಲಿ ಕ್ರಿಸ್ಮಸ್ ಪ್ಯಾಂಟೊ, ಮಕ್ಕಳು ಕೂಗಿ ನಗುವ ಹಾಡು ಹಾಸ್ಯದ ನಾಟಕ; ಅದರಲ್ಲಿ ಕಿನ್ನರಿ ಅಜ್ಜಿಯ ಪಾತ್ರ. ನಾಟಕ ಮುಗಿಸುವ ಪ್ರಾಸದ ಎರಡು ಸಾಲು ಅವಳವು. ಐವತ್ತು ವರ್ಷದಲ್ಲಿ ಕೊನೆಯ ಮಾತು ಅವಳ ಪಾಲಿಗೆ ಬಂದದ್ದು ಇದೇ ಮೊದಲು.

ಆದರೆ ಆ ಎರಡು ಸಾಲನ್ನು ತಾಲೀಮಿನಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಹೇಳಿದರೆ ನಾಟಕಕ್ಕೆ ಕೇಡು ಎಂದು ರಂಗದವರ ನಂಬಿಕೆ. ಪ್ರೇಕ್ಷಕರು ಬಂದು ಕೂತ ಮೇಲಷ್ಟೇ. ಅಲ್ಲಿಯತನಕ ‘ಟಣ್ ಟಣಾ ಟಣ್’ ಎಂದು ಕೈಬೀಸಿ ಮುಗಿಸುವುದು.

ನಾನು ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು, ಮರೆತವರಿಗೆ ಮಾತು ಎತ್ತಿಕೊಡುವವಳು. ಈ ವಾರ ಗ್ಲೆನಿಸ್‌ಗೆ ಒಂಬತ್ತು ಸಲ ಎತ್ತಿಕೊಟ್ಟೆ. (ಇದು ಡೈರಿಯಲ್ಲಿ ಮಾತ್ರ ಇತ್ತು. ಈಗ ನಿಮಗೂ ಗೊತ್ತಾಯಿತು.)

“ನಂಗೆ ಮರೆವು ಅಂತ ಬರೀತಿದ್ದೀಯ ಅಲ್ವೇನೇ?” ಗ್ಲೆನಿಸ್ ಪುಟದೊಳಗಿಂದಲೇ ಕೇಳಿದಳು.

“ಒಂಬತ್ತು ಸಲ, ಗ್ಲೆನಿಸ್.”

“ಹೆಂಗಸು ಮಾತಿನ ಮಧ್ಯದಲ್ಲಿ ನಿಂತ್ರೆ ಮರೆವು. ಗಂಡಸು ನಿಂತ್ರೆ, ಆಹಾ ಏನು ಟೈಮಿಂಗು.”

3.
(ಇಲ್ಲಿ ಅವಳ ಇಬ್ಬರು ಗಂಡಂದಿರಿದ್ದರು. ಅವಳೇ ಹೊಡೆದುಹಾಕಿಸಿದಳು: “ಆ ಸೀನಲ್ಲಿ ನಗು ಬರಲ್ಲ ಕಣೆ. ಎರಡು ಸಲ ಆಡಿ ನೋಡಿದೀನಿ.”)

4.
ಕಡೆಯ ತಾಲೀಮು. ನಿರ್ದೇಶಕ ರೂಪರ್ಟ್ ಮಫ್ಲರು ಸರಿಮಾಡಿಕೊಂಡ. “ಗ್ಲೆನಿಸ್ ಡಾರ್ಲಿಂಗ್, ಆ ಎರಡು ಸಾಲು ಒಂದ್ಸಲ ಹೇಳ್ಬಿಡಿ. ನಿಮಗೆ ಬರುತ್ತೆ ಅಂತ ಗೊತ್ತಾದ್ರೆ ಸಾಕು.”

“ತಾಲೀಮಲ್ಲಿ ಹೇಳಲ್ಲ ಕಣಪ್ಪ.”

“ಹಾಗಾದ್ರೆ ಆ ಸಾಲು ಕಾಲಮ್‌ಗೆ ಕೊಡ್ತೀನಿ.”

ಟಿವಿಯ ಕೇಕ್ ಸ್ಪರ್ಧೆಯಲ್ಲಿ ನಾಲ್ಕನೆಯವನಾಗಿ ಬಂದು ಇಲ್ಲಿ ರಾಜಕುಮಾರನಾಗಿರುವ ಕಾಲಮ್ ಹಲ್ಲು ಬಿಟ್ಟ.

“ಈ ಶಕುನ ಗಿಕುನ ಎಲ್ಲ ಸುಳ್ಳು, ನೋಡಿ,” ಎನ್ನುತ್ತ ರೂಪರ್ಟ್ ತಾನೇ ಮೊದಲ ಸಾಲು ಹೇಳಿಬಿಟ್ಟ. ಬಟ್ಟೆ ಹೊಲಿಯುವಾಕೆ ಕೇಡು ತಟ್ಟದಿರಲೆಂದು ಗಬಕ್ಕನೆ ಮರದ ಕುರ್ಚಿ ಮುಟ್ಟಿಕೊಂಡಳು. ರೂಪರ್ಟ್ ಎರಡನೆಯದಕ್ಕೆ ಬಾಯಿ ತೆರೆದ. ಗ್ಲೆನಿಸ್ ಪಕ್ಕದ ಮೇಜಿನಿಂದ ಆರು ಕಪ್ಪಿದ್ದ ಟ್ರೇ ಎತ್ತಿ ಕೈಬಿಟ್ಟಳು.

ಆ ಸದ್ದಿನಲ್ಲಿ ಎರಡನೆಯ ಸಾಲು ಯಾರಿಗೂ ಕೇಳಲಿಲ್ಲ. ಒಂದು ಕಪ್ಪು ಮಾತ್ರ ರಂಗದ ಅಂಚಿನವರೆಗೆ ಉರುಳಿ, ಒಂದು ಸುತ್ತು ಸುತ್ತಿ, ಯೋಚಿಸಿದಂತೆ ನಿಂತು, ಕೆಳಗೆ ಬಿದ್ದು ಒಡೆಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ.

ರೂಪರ್ಟ್ ಕಣ್ಣೊರೆಸಿಕೊಂಡ. “ಇದೇ ನಮ್ಮ ಕೊನೆ. ಪ್ರಾಸ ಯಾರಿಗೆ ಬೇಕು? ದಿನಾ ಟ್ರೇ ಬೀಳಿಸಿ.”

ಗ್ಲೆನಿಸ್ ನಗಲಿಲ್ಲ.

“ಶಕುನ ಉಳಿಸೋಕೆ ಬೀಳಿಸಿದ್ರಾ, ಸಾಲು ನೆನಪಿರ್ಲಿಲ್ಲ ಅಂತಲಾ?” ಆಮೇಲೆ ಕೇಳಿದೆ.

ಅವಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಳು. “ಬರೆಯೋಳು ನೀನು. ನಿಂಗೇ ಗೊತ್ತಿಲ್ವಾ?”

ಗೊತ್ತಿಲ್ಲ.

5.
ಮುಕ್ತಾಯ ಅ: ಟ್ರೇ ಬೀಳುತ್ತದೆ, ಜನ ನಗುತ್ತಾರೆ. ಮುಂದೆಂದೋ ಅವಳ ಮರಣವಾರ್ತೆಯೂ ಟ್ರೇಯಿಂದಲೇ ಶುರುವಾಗುತ್ತದೆ. (ಪತ್ರಿಕೆಯವರು ಅದನ್ನು ಬರೆದಿಟ್ಟು ತಾರೀಖಿಗೆ ಕಾಯುತ್ತಿದ್ದಾರೆ. ನನ್ನ ಕಥೆಯೂ ಅಲ್ಲಿಂದಲೇ ಶುರುವಾಯಿತು, ನೋಡಿದಿರಲ್ಲ.)

ಮುಕ್ತಾಯ ಆ: ಅವಳು ಸಾಲು ಹೇಳುತ್ತಾಳೆ, ಸಭೆ ಬಿಕ್ಕುತ್ತದೆ. “ಥೂ, ಪ್ಯಾಂಟೊ ಕಣೆ ಇದು,” ಎಂದಳು ಗ್ಲೆನಿಸ್.

ಮುಕ್ತಾಯ ಇ: ಮರೆಯುತ್ತಾಳೆ, ನಾನು ಎತ್ತಿಕೊಡುತ್ತೇನೆ. “ನೀನು ತುಟಿ ಅಲ್ಲಾಡಿಸಿದ್ರೆ ನೋಡು,” ಎಂದು ಗದರಿದಳು.

ಮೊದಲ ಪ್ರದರ್ಶನ, ಮಧ್ಯಾಹ್ನ. ಮಕ್ಕಳು ಕೂಗಿ ಕೂಗಿ ಸುಸ್ತಾಗಿದ್ದಾರೆ. ಗ್ಲೆನಿಸ್ ಟ್ರೇ ಹಿಡಿದು ಬಂದಳು. ಅಜ್ಜಿಯರು ಆಗಲೇ ನಗಲು ಶುರುಮಾಡಿದರು. ಆಚೆ ಬದಿಯಲ್ಲಿ ರೂಪರ್ಟ್ ಚಪ್ಪಾಳೆಗೆ ಕೈ ಎತ್ತಿದ. ಅವಳು ರಂಗದ ಅಂಚಿಗೆ ನಡೆದು, ಬಗ್ಗಿ, ಟ್ರೇಯನ್ನು ನೆಲದ ಮೇಲೆ ಇಟ್ಟಳು. ಒಂದು ಚಮಚವೂ ಸದ್ದು ಮಾಡಲಿಲ್ಲ. ನಗು ಅರ್ಧ ದಾರಿಯಲ್ಲಿ ನಿಂತಿತು. ಅವಳು ಮೊಣಕಾಲು ಹಿಡಿದು ಎದ್ದು ನೆಟ್ಟಗಾದಳು. ಬಾಯಿ ತೆರೆದು, ಹಾಗೇ ನಿಂತಳು.

ಮರೆತಳೋ, ಟೈಮಿಂಗೋ.

ಆ ಎರಡು ಸಾಲು ನನ್ನ ಮಡಿಲಲ್ಲಿವೆ, ಬೆರಳು ಅವುಗಳ ಮೇಲೇ ಇದೆ. ಇಲ್ಲಿ ಬರೆದುಬಿಡಬಹುದು. ಆದರೆ ನೀವು ಓದುತ್ತಿರುವುದು ಇನ್ನೂ ಕರಡು, ಕರಡೆಂದರೆ ತಾಲೀಮೇ. ತುಟಿ ಕಚ್ಚಿಕೊಂಡಿದ್ದೇನೆ. ಟಣ್ ಟಣಾ