ಬಳ್ಳಿಯ ಸಂಪಾದನೆ

ಮರದ ವ್ಯಾಪಾರಿ ಕೆಂಪು ಬಣ್ಣದ ಡಬ್ಬಿ, ಕುಂಚ ಹಿಡಿದುಕೊಂಡೇ ಕಾಫಿ ತೋಟಕ್ಕೆ ಬಂದ. ಕಡಿಯಲು ಅಣ್ಣ ತೋರಿಸಿದ ನೆರಳಿನ ಮರಗಳಿಗೆಲ್ಲ ಎದೆಮಟ್ಟದಲ್ಲಿ ಒಂದೊಂದು ಗೆರೆ ಎಳೆಯುತ್ತ ಹೋದ. ಮೆಣಸಿನ ಬಳ್ಳಿ ಅಡ್ಡ ಬಂದರೆ ಎಲೆ ಸರಿಸಿ ಎಳೆದ. ತಂಗಿ ಹಿಂದೆಯೇ ನೋಡುತ್ತ ನಡೆದಳು. ಮನೆಯಲ್ಲಿ ಅವಳಿಗೆ ಗುಮ್ಮಿ ಎಂದೇ ಹೆಸರು. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದೇ ಹೆಚ್ಚು.

"ನೆರಳು ತೆಗೆದ್ರೆ ಕಾಫಿ ಎರಡರಷ್ಟು ಬಿಡತ್ತಂತೆ," ಎಂದ ಅಣ್ಣ. "ಗೊಬ್ಬರದ ಅಂಗಡಿಯವ್ರೇ ಹೇಳಿದ್ರು. ಮರದ ದುಡ್ಡಲ್ಲೇ ಗೊಬ್ಬರ, ಪೈಪು ಎಲ್ಲ ಆಗೋಗತ್ತೆ."

ಜಗುಲಿಯಲ್ಲಿದ್ದ ಅಜ್ಜಿಯ ಕಿವಿಗೆ ಅದು ಬಿತ್ತು. "ಗೊಬ್ಬರ ಮಾರೋನು ಗೊಬ್ಬರ ಬೇಡ ಅಂತಾನೇನೋ?"

ಆ ಮನೆಗೆ ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರುವ ನೆಂಟ. ಬಂದ ಹಾಗೇ ಹೊರಟುಬಿಡುತ್ತಿತ್ತು. ಉಳಿದ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ಮರಗಳಿಗೆ ಹಬ್ಬಿದ ಮೆಣಸು. ಗುಮ್ಮಿಯನ್ನು ಶಾಲೆ ಬಿಡಿಸಿದ ವರ್ಷ ಅಪ್ಪ ಅವಳ ಕೈಗೆ ಏಣಿ ಕೊಟ್ಟು, "ಬಳ್ಳಿಯೆಲ್ಲ ಇನ್ನು ನಿಂದೇ ಮಗಾ," ಎಂದಿದ್ದರು. ಮರ ಯಾರದೆಂದು ಹೇಳಿರಲಿಲ್ಲ. ಹೇಳಬೇಕೆಂದು ಅವರಿಗಾಗಲಿ, ಕೇಳಬೇಕೆಂದು ಅವಳಿಗಾಗಲಿ ಹೊಳೆದಿರಲಿಲ್ಲ. ಈಗ ಅಪ್ಪ ಇಲ್ಲ.

"ಬಳ್ಳಿ?" ಎಂದಳು.

"ಬೇರೆ ಮರಕ್ಕೆ ಹಬ್ಬಿಸ್ಕೋ."

"ಯಾವ ಮರಕ್ಕೆ?"

ಅಣ್ಣ ಸುತ್ತ ನೋಡಿದ. ಎಲ್ಲಿ ನೋಡಿದರೂ ಕೆಂಪು ಗೆರೆ. "ನಾಳೆ ಲಾರಿ ಬರತ್ತೆ. ಸುಮ್ನಿರು," ಎಂದು ಮಾತು ಮುಗಿಸಿದ. ನಾಳೆಗಿರಲಿ ಎಂದು ವ್ಯಾಪಾರಿ ಡಬ್ಬಿಯನ್ನು ಜಗುಲಿಯಲ್ಲೇ ಇಟ್ಟು ಹೋದ.

ಬೆಳಿಗ್ಗೆ ಲಾರಿಯ ಸದ್ದಿಗೆ ಅಣ್ಣ ಹೊರಗೆ ಬಂದರೆ, ಅವನ ಬೈಕಿನ ಟ್ಯಾಂಕಿನ ಮೇಲೆ ಕೆಂಪು ಗೆರೆ. ನೀರಿನ ಪಂಪಿನ ಮೇಲೆ, ಬಚ್ಚಲಿನ ಬಾಗಿಲ ಮೇಲೆ, ಅಜ್ಜಿಯ ಕನ್ನಡಕದ ಡಬ್ಬಿಯ ಮೇಲೂ ಗೆರೆ. ಗುಮ್ಮಿ ಕುಂಚ ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ತಲೆಗಿಲೆ ಕೆಟ್ಟಿದ್ಯೇನೇ?"

"ಬಳ್ಳಿ ದುಡಿದು ತಂದಿದ್ದಕ್ಕೆಲ್ಲ ಗುರುತು ಹಾಕಿದ್ದೀನಿ," ಎಂದಳು. ಕುಂಚದಿಂದಲೇ ತೋಟದ ಕಡೆ ತೋರಿಸಿದಳು. "ಮರ ಹೋದ್ರೆ ಬಳ್ಳಿನೂ ಹೋಗತ್ತೆ. ಇವೂ ಜೊತೆಗೇ ಹೋಗ್ಲಿ. ಲಾರಿ ಹೇಗೂ ಬಂದಿದ್ಯಲ್ಲ."

"ಬೈಕು ಕಾಫಿ ದುಡ್ಡಿಂದು!"

"ಕಾಫಿ ರೇಟು ನೆಲ ಕಚ್ಚಿದ ವರ್ಷ ತಗೊಂಡಿದ್ದು. ಕೊಯ್ದವ್ರ ಕೂಲಿಗೂ ಸಾಲದೆ ಅಮ್ಮ ನನ್ ಮೆಣಸಿನ ಮೂಟೆ ಬಿಚ್ಚಿದ್ಳು. ಮರ್ತೋಯ್ತಾ?"

ಅಮ್ಮ ಒಳಗಿನಿಂದಲೇ ಕೂಗಿದಳು: "ನನ್ನ ಹೊಲಿಗೆ ಮಿಷನ್ನಿಗೆ ಹಾಕೇ ಇಲ್ವಲ್ಲೇ!"

ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ. "ಡಬ್ಬಿನೇ ಖಾಲಿ ಮಾಡ್ಬಿಟ್ಯಲ್ಲಮ್ಮ!"

"ಇನ್ನೊಂದು ಗೆರೆಗೆ ಆಗತ್ತೆ."

ಅವಳು ಅಣ್ಣನ ಹತ್ತಿರ ಹೋದಳು. ಇಸ್ತ್ರಿ ಮಾಡಿದ ಅವನ ಷರ್ಟಿನ ಮೇಲೆ, ಎದೆಮಟ್ಟದಲ್ಲಿ, ಈ ತುದಿಯಿಂದ ಆ ತುದಿಗೆ ಗೆರೆ ಎಳೆದಳು.

"ಇದು ನಿನ್ ಕಾಲೇಜಿಗೆ."

ಅಣ್ಣ ಎತ್ತಿದ ಕೈ ಹಾಗೇ ನಿಂತಿತು. ವ್ಯಾಪಾರಿ ಗಂಟಲು ಸರಿಮಾಡಿಕೊಂಡ. "ಏನ್ ಸ್ವಾಮಿ, ಯಾವ್ದು ಹೇರ್ಲಿ?"

"ನನ್ನನ್ನೇ ಮೊದ್ಲು ಹತ್ತಿಸಪ್ಪ," ಎಂದಳು ಅಜ್ಜಿ, ಕನ್ನಡಕದ ಡಬ್ಬಿ ಎತ್ತಿ ತೋರಿಸುತ್ತ. "ಮುಂದಿನ ಸೀಟು ಕೊಡ್ಬೇಕು ಮತ್ತೆ."

ಅಣ್ಣ ಎದೆ ನೋಡಿಕೊಂಡ, ತೋಟದ ಕಡೆ ನೋಡಿದ. "ಬೇಲಿ ಹತ್ರ ಒಣಗಿದ ಮರ ಎರಡಿವೆ," ಎಂದ, ಹಲ್ಲು ಕಚ್ಚಿಕೊಂಡು. "ಬಳ್ಳಿ ಇಲ್ಲದ್ದು. ಅಷ್ಟೇ ತಗೊಂಡು ಹೋಗಿ."

ಲಾರಿ ಬೇಲಿಯ ಕಡೆ ಹೊರಳಿತು. ಅವನು ಷರ್ಟು ತಿಕ್ಕಿದ. ಬಣ್ಣ ಇನ್ನಷ್ಟು ಹರಡಿತು.

"ಇದು ಹೋಗತ್ತೇನೇ?"

"ಮರದ್ದನ್ನ ಬಳ್ಳಿ ಮುಚ್ಚತ್ತೆ," ಎಂದಳು ಗುಮ್ಮಿ, ಏಣಿ ಹೆಗಲಿಗೇರಿಸುತ್ತ. "ನಿಂದು ಹೋಗಲ್ಲ."