ಹಾಜರಿಯಲ್ಲಿ ಯಲ್ಲವ್ವ

ಶಾಲೆ ತಪಾಸಣೆಗೆ ಬಂದ ಸಾಹೇಬರ ಬೆರಳು ಹಾಜರಿ ಪುಸ್ತಕದ ಹದಿಮೂರನೆಯ ಹೆಸರಿನ ಮೇಲೆ ನಿಂತಿತು.

"ಯಲ್ಲವ್ವ ಬೀರದೇವ."

ಯಾರೂ ಓಗೊಡಲಿಲ್ಲ. ಮಕ್ಕಳೆಲ್ಲ ಶ್ರೀಶೈಲಪ್ಪ ಮಾಸ್ತರರ ಮುಖ ನೋಡಿದರು. ಯಲ್ಲವ್ವ ಜ್ವರದಿಂದ ತೀರಿಕೊಂಡು ನಲವತ್ತು ದಿನವಾಗಿತ್ತು. ಆ ಹೆಸರು ಹೊಡೆದುಹಾಕಲು ಮಾಸ್ತರರು ಎರಡು ಸಲ ಕೈ ಎತ್ತಿ ಬಿಟ್ಟಿದ್ದರು. ಶಾಲೆಗಳು ಜಿಲ್ಲಾ ಪರಿಷತ್ತಿನ ಕೈಗೆ ಹೋಗಿ ಎರಡು ವರ್ಷ. ಈ ವರ್ಷ ಹೊಸ ನಿಯಮ ಬಂದಿತ್ತು. ಇಪ್ಪತ್ತು ಮಕ್ಕಳಿಲ್ಲದ ಶಾಲೆಗೆ ಮಾಸ್ತರನಿಲ್ಲ. ಯಲ್ಲವ್ವನನ್ನು ಲೆಕ್ಕಕ್ಕೆ ಹಿಡಿದರೆ ಸರಿಯಾಗಿ ಇಪ್ಪತ್ತು. ಇದು ಮುಚ್ಚಿದರೆ ಕುರುಬರ ವಸ್ತಿಯ ಮಕ್ಕಳು ಅಸಂಗಿಯ ಶಾಲೆಗೆ ಮೂರು ಮೈಲು ನಡೆಯಬೇಕು. ಸಣ್ಣವರು ನಡೆಯಲಾರರು.

"ಮಾಸ್ತರ, ಈ ಹುಡಗಿ ಎಲ್ಲಿ?"

"ಸಾಹೇಬ್ರ, ಆಕಿ..." ಎನ್ನುತ್ತ ಮಾಸ್ತರರು ಎದ್ದರು. ಸುಳ್ಳು ಬಾಯಿಗೆ ಬರಲಿಲ್ಲ.

ಬಾಗಿಲಲ್ಲಿ ಯಲ್ಲವ್ವನ ತಾಯಿ ಚಂದ್ರಾಬಾಯಿ ನಿಂತಿದ್ದಳು. ಕಿರಿಯ ಮಗಳು ಇಂದುಬಾಯಿಯನ್ನು ಬಿಡಲು ಬಂದವಳು ಇನ್ನೂ ಹೋಗಿರಲಿಲ್ಲ.

"ಅದಾಳ್ರಿ," ಎಂದಳು. "ನನ್ನ ಮಗಳರಿ. ಕುರಿ ಹಿಂದ ಹೋಗ್ಯಾಳ."

"ಯವ್ವಾ..." ಎಂದು ಇಂದುಬಾಯಿ ಏಳಹೋದಳು. ತಾಯಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಕೂಡಿಸಿದಳು.

"ಸಾಲಿ ಬಿಡಿಸಿ ಕುರಿ ಹಿಂದ ಕಳಸ್ತಾರೇನವಾ?" ಸಾಹೇಬರು ಗದರಲಿಲ್ಲ. "ಹ್ಯಾಂಗ ಓದತಾಳ?"

"ಭಾಳ ಚಲೋ ಓದತಾಳ್ರಿ. ಒಲಿ ಮುಂದ ಕುಂತು ಜೋರಾಗಿ ಓದತಾಳ. ಕೇಳಿ ಕೇಳಿ ನನಗೂ ಎರಡು ಪದ್ಯ ಬಾಯಿಗೆ ಬಂದಾವ."

ಸಾಹೇಬರು ನಕ್ಕರು. ಇಪ್ಪತ್ತು ಎಂದು ಬರೆದು ಸಹಿ ಹಾಕಿದರು. ಹಂಚಲು ತಂದಿದ್ದ ಪುಸ್ತಕಗಳಲ್ಲಿ ಒಂದನ್ನು ಅವಳ ಕೈಗಿಟ್ಟರು.

"ಇದು ಆಕಿಗೆ ಕೊಡು. ನಾಳಿಂದ ತಪ್ಪದ ಕಳಸು."

"ಹೂಂನ್ರಿ."

ಜೀಪು ಹೋಯಿತು. ಮಕ್ಕಳನ್ನು ಹೊರಗೆ ಬಿಟ್ಟು ಮಾಸ್ತರರು ತಲೆ ತಗ್ಗಿಸಿ ನಿಂತರು.

"ನಿನ್ನ ಬಾಯಿಲೆ ಇಂಥಾ ಮಾತು ಆಡಿಸಿದೆನಲ್ಲ, ತಂಗಿ."

ಚಂದ್ರಾಬಾಯಿ ಪುಸ್ತಕವನ್ನು ಸೆರಗಿನಿಂದ ಒರೆಸಿದಳು.

"ಅದಾಳ ಅನ್ನೂದು ಎಷ್ಟು ಸರಳ ಬಂತರಿ ಬಾಯಾಗ," ಎಂದಳು. ಆಮೇಲೆ ಪುಸ್ತಕ ಮುಂದೆ ಹಿಡಿದಳು. "ಇದರ ಮ್ಯಾಲ ಹೆಸರು ಬರದು ಕೊಡ್ರಿ. ಆಕೀದು."

ಮಾಸ್ತರರು ಮಸಿಯ ದವತಿಯಲ್ಲಿ ಟಾಕು ಅದ್ದಿ ಬರೆದರು. ಮಸಿ ದಪ್ಪಗೆ ಇಳಿಯಿತು. ಚಂದ್ರಾಬಾಯಿ ಪುಸ್ತಕವನ್ನು ಎರಡೂ ಕೈಯಲ್ಲಿ ಸಪಾಟಾಗಿ ಹಿಡಿದು ಹೊರಗೆ ಕಟ್ಟೆಯ ಮೇಲೆ ಕುಳಿತಳು. ಅಕ್ಷರ ಕಲೆಸದಂತೆ, ಮೆಲ್ಲಗೆ, ಮಸಿ ಆರುವವರೆಗೂ ಊದುತ್ತಿದ್ದಳು.