ಆ ಕಾಗದ ಬರೆದವನು

ಉಮಾಮಹೇಶ್ವರನನ್ನು ಕಾಡುತ್ತಿದ್ದ ದೆವ್ವ ಸತ್ತಿರಲಿಲ್ಲ. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ ಹಿಡಿದು, ಹೆಂಡತಿ ಮಗಳ ಜೊತೆ ಬದುಕಿತ್ತು. ಅದರ ಹೆಸರು ಮುನಿಯಪ್ಪ. ಸತ್ತವರಾದರೆ ತಿಥಿ ಮಾಡಿ, ಕಾಗೆಗೆ ಪಿಂಡ ಇಟ್ಟು ಕೈತೊಳೆದುಕೊಳ್ಳಬಹುದು. ಬದುಕಿರುವವರ ದೆವ್ವಕ್ಕೆ ಯಾವ ಶಾಸ್ತ್ರದಲ್ಲೂ ಪರಿಹಾರ ಬರೆದಿಲ್ಲ.

ಅದು ಕಾಣಿಸಿಕೊಳ್ಳುತ್ತಿದ್ದದ್ದು ತಿರುವನಂತಪುರದ ಉಳ್ಳೂರ್ ಜಂಕ್ಷನ್ನಿನಲ್ಲಿ. ಬೆಳಿಗ್ಗೆ ಆಫೀಸಿನ ಬಸ್ಸು ಅಲ್ಲಿ ನಿಂತಾಗ, ಮೆಡಿಕಲ್ ಕಾಲೇಜಿನ ಕಡೆ ಹೋಗುವ ಗುಂಪಿನಲ್ಲಿ ಎಡಗಾಲೆಳೆಯುತ್ತ ಮುನಿಯಪ್ಪ ನಡೆದು ಹೋಗುತ್ತಿದ್ದ. ಎರಡು ಸಲ ಉಮಾಮಹೇಶ್ವರ ಬಸ್ಸಿನಿಂದಿಳಿದು ಹಿಂದೆ ಓಡಿದ್ದೂ ಉಂಟು. ತಿರುಗಿ ನೋಡಿದವರು ಯಾರೋ ಮಲಯಾಳಿ ಮುದುಕರು. ಹೆಂಡತಿ ಶಾಂತಾ, ಕನ್ನಡಕದ ನಂಬರು ಬದಲಾಗಿರಬೇಕು ಎಂದಳು. ನಂಬರು ಬದಲಾಯಿತು, ಮುನಿಯಪ್ಪ ಇನ್ನೂ ಸ್ಪಷ್ಟವಾಗಿ ಕಂಡ.

ಅವನು ಕೆಲಸಕ್ಕಿದ್ದ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕನ್ನಡದವರು ಇದ್ದದ್ದೇ ಇಬ್ಬರು. ನಂಜನಗೂಡಿನ ಉಮಾಮಹೇಶ್ವರ ಖರೀದಿ ವಿಭಾಗದಲ್ಲಿ, ಮಾಲೂರಿನ ಮುನಿಯಪ್ಪ ಸ್ಟೋರಿನಲ್ಲಿ. ಖರೀದಿ ವಿಭಾಗದ ಸಾಹೇಬರು ಎರಡನೇ ದರ್ಜೆಯ ಕೇಬಲ್ ತರಿಸಿ ಮೊದಲ ದರ್ಜೆಯ ಬಿಲ್ಲು ಮಾಡಿಸುತ್ತಿದ್ದರು. ಮುನಿಯಪ್ಪ ಒಮ್ಮೆ ಎಲ್ಲರೆದುರೇ, ಈ ಮಾಲಿಗೆ ರುಜು ಹಾಕುವುದಿಲ್ಲ ಎಂದು ಜಗಳ ತೆಗೆದಿದ್ದ. ಉಮಾಮಹೇಶ್ವರ ಜಗಳದ ಮನುಷ್ಯನಲ್ಲ. ದೀಪಾವಳಿಗೆ ಸಾಹೇಬರ ಮನೆಗೆ ಮೈಸೂರು ಪಾಕು ಕೊಟ್ಟುಬರುವವನು. ಆದರೆ ಒಳಗೊಳಗೇ ಸಿಟ್ಟು ಅವನಿಗೂ ಇತ್ತು.

ಎರಡು ಸಾವಿರದ ನಾಲ್ಕರಲ್ಲಿ ಸರ್ಕಾರ ಒಂದು ನಿರ್ಣಯ ಹೊರಡಿಸಿತ್ತು. ಕಚೇರಿಯ ಭ್ರಷ್ಟಾಚಾರದ ಬಗ್ಗೆ ದೆಹಲಿಯ ಆಯೋಗಕ್ಕೆ ಬರೆಯಬಹುದು. ಹೆಸರು ಲಕೋಟೆಯ ಮೇಲೆ ಬೇಡ, ಒಳಗಿದ್ದರೆ ಸಾಕು. ಅದನ್ನು ಗುಟ್ಟಾಗಿಡುತ್ತಾರೆ, ಬರೆದವನಿಗೆ ಕಿರುಕುಳವಾದರೆ ಕಾಪಾಡುತ್ತಾರೆ. ಉಮಾಮಹೇಶ್ವರ ಅದನ್ನು ಮೂರು ಸಲ ಓದಿದ. ಮನೆಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ. ನಿಯಮಗಳನ್ನು ಒಂದೂ ಬಿಡದೆ ಪಾಲಿಸಿದ. ಆದರೆ ಖಾಲಿ ಹಾಳೆ ಕೈಗೆ ಬಂದರೆ ಮೊದಲು ಅದರ ನೆತ್ತಿಯ ಮೇಲೆ ಪೆನ್ನಿನಿಂದ ಕನ್ನಡದಲ್ಲಿ 'ಶ್ರೀ' ಬರೆಯುವುದು ಅವನ ಕೈಗೆ ಬಾಲ್ಯದಿಂದ ಅಂಟಿದ ಚಾಳಿ. ಚಾಲೈ ಪೇಟೆಯಿಂದ ತರಬೇಕಾದ ಬೇಳೆ ಬೆಲ್ಲದ ಚೀಟಿಗೂ ಅದಿಲ್ಲದೆ ಆಗುತ್ತಿರಲಿಲ್ಲ. ಅಂದೂ ಬರೆದ. ಬರೆದದ್ದು ಅವನ ಗಮನಕ್ಕೇ ಬರಲಿಲ್ಲ.

ಆಯೋಗದವರು ಹೆಸರಿನ ಮೇಲೆ ದಪ್ಪಗೆ ಕಪ್ಪು ಬಳಿದು, ನಕಲನ್ನು ತನಿಖೆಗೆ ಕಳಿಸಿದರು. ಅವರ ತಪ್ಪೇನಿಲ್ಲ, ಹಾಳೆಯ ನೆತ್ತಿಯ ಮೇಲಿನ ಸುರುಳಿ ಒಂದು ಗುರುತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಕಚೇರಿಯ ಗೋಡೆಗೆ ಕಿವಿಯಿರುವ ಹಾಗೆ ಕಡತಕ್ಕೆ ಕಾಲೂ ಇರುತ್ತದೆ. ನಕಲು ನಡೆದು ಸಾಹೇಬರ ಮೇಜಿಗೆ ಬಂತು. ಅವರು ಉಮಾಮಹೇಶ್ವರನನ್ನೇ ಕರೆಸಿ, ಇದು ಯಾವ ಲಿಪಿ ಎಂದು ಕೇಳಿದರು. ಕನ್ನಡ ಎಂದ. ಹಾಗಾದರೆ ಮುನಿಯಪ್ಪನದೇ, ಅಲ್ಲವೇ ಎಂದರು. ಉಮಾಮಹೇಶ್ವರನ ತಲೆ ಬಗ್ಗಿತು. ಹೌದೆಂದು ಬಗ್ಗಿತೋ ಹೆದರಿ ಬಗ್ಗಿತೋ ಅವನಿಗೇ ತಿಳಿಯದು. ಸಾಹೇಬರಿಗೆ ಅಷ್ಟು ಸಾಕಾಯಿತು.

ಮುನಿಯಪ್ಪನ ಮೇಲೆ ಸ್ಟೋರಿನ ಲೆಕ್ಕ ತಪ್ಪಿದೆಯೆಂದು ಕೇಸು ಹಾಕಿ ಅಮಾನತು ಮಾಡಿದರು. ನಾನು ಬರೆದಿಲ್ಲ ಎಂದು ಅವನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕಸ್ಟಮ್ಸಿನವರಿಗೆ ಸುಳಿವು ಕೊಟ್ಟರೆ ನೂರಕ್ಕೆ ಇಪ್ಪತ್ತರವರೆಗೆ ಇನಾಮು ಸಿಗುತ್ತದಂತೆ, ಇವನಿಗೆಷ್ಟು ಸಿಕ್ಕಿತೋ ಎಂದು ಕ್ಯಾಂಟೀನಿನಲ್ಲಿ ಕಿಚಾಯಿಸಿದರು. ಆ ನಿರ್ಣಯದಲ್ಲಿ ಇನಾಮಿನ ಮಾತೇ ಇರಲಿಲ್ಲ. ಆದರೂ ಅವನು ಹಳೆಯ ಸ್ಕೂಟರೊಂದನ್ನು ಕೊಂಡಾಗ, ನೋಡಿ, ದುಡ್ಡು ಬಂತು ಎಂದರು. ಕೊನೆಗೆ ಮುನಿಯಪ್ಪ ಆಯೋಗಕ್ಕೇ ಬರೆದು ರಕ್ಷಣೆ ಕೇಳಿದ. ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ, ನಿಮ್ಮ ಹೆಸರಿನಲ್ಲಿ ದೂರಿಲ್ಲ ಎಂದು ಉತ್ತರ ಬಂತು. ಅದನ್ನೇ ಬಿಡುಗಡೆಯ ಚೀಟಿಯೆಂದು ಹಿಡಿದುಕೊಂಡು ಸಾಹೇಬರ ಹತ್ತಿರ ಓಡಿದ. ಅವರು ನಕ್ಕರು. ಹೆಸರು ಬಚ್ಚಿಡುವುದೇ ಕಾಯಿದೆ ಅಂದಮೇಲೆ ಇನ್ನೇನು ಬರೆಯುತ್ತಾರೆ ಎಂದರು. ಆ ವಾರವೇ ಮುನಿಯಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಇಪ್ಪತ್ತು ದಿನ ಉಳ್ಳೂರಿನ ಹತ್ತಿರದ ಆಸ್ಪತ್ರೆಯೊಂದರಲ್ಲಿದ್ದ. ಉಮಾಮಹೇಶ್ವರ ದಿನಾ ಆ ದಾರಿಯಲ್ಲೇ ಹೋಗುತ್ತಿದ್ದ, ಒಂದು ದಿನವೂ ಇಳಿಯಲಿಲ್ಲ. ಆಮೇಲೆ ಅಮಾನತು ತೆಗೆದು ಮುನಿಯಪ್ಪನನ್ನು ಕೊಚ್ಚಿಯ ಶಾಖೆಗೆ ಎತ್ತಿಹಾಕಿದರು.

ಮೂರು ವರ್ಷದ ಮೇಲೆ ತನಿಖೆ ಮುಗಿದು ಸಾಹೇಬರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಪೇಪರಿನಲ್ಲಿ ಸುದ್ದಿ ಬಂತು, ಕಾಗದ ಬರೆದವನು ಮುನಿಯಪ್ಪ ಎಂಬ ಕಚೇರಿಯ ಮಾತೂ ಅದರಲ್ಲಿ ಸೇರಿಕೊಂಡಿತ್ತು. ಪಾಲಾರಿವಟ್ಟಂನ ಬಡಾವಣೆಯ ನಿವಾಸಿಗಳ ಸಂಘದವರು, ನಮ್ಮ ನಡುವೆ ಇಂಥ ಧೀರ ಇದ್ದಾನೆಯೇ ಎಂದು ಮುನಿಯಪ್ಪನಿಗೆ ಶಾಲು ಹೊದಿಸಿ ಹತ್ತು ಸಾವಿರ ಕೊಡುವುದೆಂದು ಗೊತ್ತುಮಾಡಿದರು. ಕಾರ್ಡು ಉಮಾಮಹೇಶ್ವರನಿಗೂ ಬಂತು. ಈಗಲೂ ಬಾಯಿ ಬಿಡದಿದ್ದರೆ ತಾನು ಮನುಷ್ಯನೇ ಅಲ್ಲ ಎನ್ನಿಸಿ, ಬೆಳಗಿನ ರೈಲು ಹತ್ತಿದ.

ಮುನಿಯಪ್ಪ ಬಾಗಿಲಿಗೇ ಬಂದು ಕೈಹಿಡಿದು ಒಳಗೆ ಕರೆದ. ಕಾಲೆಳೆಯುವ ಸದ್ದು ಈ ಸಲ ನಿಜವಾದದ್ದು. ಅವನ ಹೆಂಡತಿ ಕಲ್ಯಾಣಿ ಹಾಲಿಲ್ಲದ ಕಟ್ಟನ್ ಚಹಾ ಇಟ್ಟುಹೋದಳು. ಒಳಕೋಣೆಯಲ್ಲಿ ಮಗಳು ಜೀವಿತಾ ಅಪ್ಪನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಉಮಾಮಹೇಶ್ವರ ಚಹಾ ಮುಟ್ಟಲಿಲ್ಲ.

"ಮುನಿಯಪ್ಪ, ಆ ಕಾಗದ ಬರೆದದ್ದು ನಾನು."

ಮುನಿಯಪ್ಪ ಎದ್ದುಹೋಗಿ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದ.

"ಗೊತ್ತು ಸಾರ್. ಮೇಲೆ ಶ್ರೀ ಇತ್ತಂತೆ, ಕನ್ನಡದೋರು ಇದ್ದಿದ್ದೇ ಇಬ್ರು. ನಾನು ಬರೀಲಿಲ್ಲ ಅನ್ನೋದು ನಂಗೆ ಗೊತ್ತಿರಲ್ವಾ? ಆಸ್ಪತ್ರೇಲಿ ಬಾಗಿಲ ಕಡೆನೇ ನೋಡ್ತಾ ಮಲಗಿದ್ದೆ. ಇವತ್ತು ಬರ್ತೀರಾ, ನಾಳೆ ಬರ್ತೀರಾ ಅಂತ."

ಇಂದು ಸಭೆಯಲ್ಲೇ ನಿಜ ಹೇಳಿಬಿಡುತ್ತೇನೆ ಎಂದ ಉಮಾಮಹೇಶ್ವರ. ಮುನಿಯಪ್ಪ ಬೇಡವೆಂದು ತಲೆಯಾಡಿಸಿದ. ಸಾಹೇಬರು ಹಾಕಿದ ಕೇಸಿನಿಂದ ಕಾಲೇಜಿನಲ್ಲಿ ಜೀವಿತಾಳನ್ನು ಕಳ್ಳನ ಮಗಳು ಎಂದಿದ್ದರಂತೆ. ಅವಳು ಅಳುತ್ತ ಬಂದು, ನೀನು ಕದ್ದೆಯೋ ಬರೆದೆಯೋ ಹೇಳು ಎಂದು ಕೇಳಿದ್ದಳಂತೆ. ಊರಿಗೆಲ್ಲ ಬರೆದಿಲ್ಲ ಎಂದು ಆಣೆಯಿಟ್ಟವನು, ಅಂದು ಮಗಳಿಗೆ, ಬರೆದೆ ಎಂದುಬಿಟ್ಟನಂತೆ. ಅಂದಿನಿಂದ ಆ ಹುಡುಗಿ ತಲೆಯೆತ್ತಿ ನಡೆಯುತ್ತಿದೆ.

"ಆ ಕಾಗದಕ್ಕೆ ಬೆಲೆ ತೆತ್ತೋನು ನಾನು. ಈಗ ಅದು ನಂದು ಸಾರ್. ಅದನ್ನೂ ಕಿತ್ಕೋಬೇಡಿ."

ಸಂಜೆ ಸಂಘದ ಹಾಲಿನಲ್ಲಿ ಶಾಲು, ಹಾರ, ಲಕೋಟೆ ಎಲ್ಲ ಆಯಿತು. ಆಮೇಲೆ ಜೀವಿತಾ ಉಮಾಮಹೇಶ್ವರನ ಕುರ್ಚಿಯ ಹತ್ತಿರ ಬಗ್ಗಿ, ಕನ್ನಡದಲ್ಲಿ ಶುರುಮಾಡಿ ಮಲಯಾಳದಲ್ಲಿ ಮುಗಿಸಿದಳು. ಅಪ್ಪನ ಜೊತೆ ಅಲ್ಲಿ ಕೆಲಸ ಮಾಡಿದವರು ನೀವೊಬ್ಬರೇ ಬಂದಿರುವುದು, ಅಂಕಲ್, ಎರಡು ಮಾತು ಹೇಳಿ ಎಂದು ಕೇಳಿದಳು. ಅವನ ಕಾಲುಗಳು ಅವನನ್ನು ಮೈಕಿನವರೆಗೆ ಕರೆದೊಯ್ದವು. ಮುನಿಯಪ್ಪ ಹಾರದೊಳಗಿಂದ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಭಯವಿತ್ತು.

"ಬರೆದದ್ದು ಮುನಿಯಪ್ಪನವರೇ," ಎಂದ ಉಮಾಮಹೇಶ್ವರ. "ನಾನು ಕಣ್ಣಾರೆ ಕಂಡಿದ್ದೇನೆ."

ಚಪ್ಪಾಳೆ ಬಿತ್ತು. ಜೀವಿತಾ ಕಣ್ಣೊರೆಸಿಕೊಂಡಳು. ಮುನಿಯಪ್ಪ ಕುಳಿತಲ್ಲಿಂದಲೇ ಅವನಿಗೆ ಎರಡೂ ಕೈ ಜೋಡಿಸಿದ. ಉಮಾಮಹೇಶ್ವರ ವೇದಿಕೆಯ ಮೆಟ್ಟಿಲಿಳಿದು, ಯಾರ ಗಮನಕ್ಕೂ ಬಾರದಂತೆ ಹಿಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕುಳಿತ. ಇನ್ನು ಅವನು ಎಲ್ಲಿ ನಿಂತು ಏನು ಹೇಳಿದರೂ ಯಾರೂ ನಂಬುವಂತಿರಲಿಲ್ಲ.